ಗುರುಸಿದ್ದವ್ವನ ಹಲ್ಲಿನ ಸಾಕ್ಷಿ

ಕಿರ್ರ್… ಕಿರ್ರ್… ಕಿರ್ರ್…

ದಾಂಡೇಲಿ ಪೇಟೆಯ ಆ ಸಣ್ಣ ಅಂಗಡಿಯಲ್ಲಿ ಮುತ್ತು ಕೊರೆಯುವ ಬೈರಿಗೆ ಆಗಷ್ಟೇ ದನಿ ತೆಗೆದಿತ್ತು. ಮುಜೀಬ ಬಿಲ್ಲಿನಂಥ ಕೋಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ.

ಗುರುಸಿದ್ದವ್ವ: ನಿಲ್ಲಸೋ ಮುಜೀಬ, ನಿಲ್ಲಸು! ನಕಲಿ ಮುತ್ತಿಗೆ ತೂತು ಹೊಡದು ನನ್ನ ಮೊಮ್ಮಗಳ ಮೂಗಿಗೆ ಕಟ್ಟಾಕ ಹೊಂಟೀಯೇನು?

ಮುಜೀಬ: ಅವ್ವಾರ, ಮೊದಲಿಂದು ಬ್ಯಾಡ ಅಂದ್ರಿ, ಬ್ಯಾರೆ ಕೊಟ್ಟೆ. ಅದೂ ಬ್ಯಾಡ ಅಂದ್ರಿ, ಇದನ್ನ ಹಿಡದೆ. ಈಗ ಅರ್ಧ ತೂತು ಬಿದ್ದೈತಿ. ಇದನ್ನ ಯಾರಿಗೆ ಮಾರಲಿ?

ಗುರುಸಿದ್ದವ್ವ: ಗುರುತು ಸಿಗಲಾರದವರಿಗೆ ಮಾರು. ಇದರ ಜೋಡೀದನ್ನ ಈಗ ತಿಕ್ಕಿ ನೋಡಿದೆ. ಎಣ್ಣಿ ಹಚ್ಚಿದಂಗ ಜಾರತೈತಿ. ಅಸಲಿ ಮುತ್ತು ಹಲ್ಲಿಗೆ ತಿಕ್ಕಿದ್ರ ಸಣ್ಣ ಉಸುಕಿನಂಗ ಕರಕರ ಅನಬೇಕು.

ಮುಜೀಬ ಆ ಜೋಡಿ ಮುತ್ತನ್ನು ಒರೆಸಿ ತನ್ನ ಹಲ್ಲಿಗೆ ತಿಕ್ಕಿದ.

ಮುಜೀಬ: ಅಲ್ಲಾನ ಆಣಿ, ಕರಕರ ಅಂತೈತಿ!

ಗುರುಸಿದ್ದವ್ವ: ನಿನ್ನ ಹಲ್ಲಿಗೆ ಗುಟಕಾ ಮೆತ್ತೇತಿ. ಅದರ ಮ್ಯಾಲೆ ಬೆಣ್ಣಿ ತಿಕ್ಕಿದ್ರೂ ಕರಕರ ಅಂತೈತಿ.

ಮುಜೀಬ: ಕಾಕಾರ, ನೀವರ ಒಂದು ಸಲ ತಿಕ್ಕಿ ನೋಡ್ರಿ.

ಬಾಗಿಲ ಬಳಿಯ ಬಾಕಿನ ಮೇಲೆ ಹಾಗಲಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದ್ಯಾಮಪ್ಪ ಬೆಚ್ಚಿದ. ಕಾಗದದ ಗಿರಣಿಯಿಂದ ನಿವೃತ್ತನಾದ ಮೇಲೆ ಹೆಂಡತಿ ಗುರುಸಿದ್ದವ್ವನ ಹಿಂದೆ ಚೀಲ ಹಿಡಿದು ನಡೆಯುವುದೇ ಅವನ ನೌಕರಿ.

ದ್ಯಾಮಪ್ಪ: ನನ್ನ ಬಾಯಾಗ ಸಾಕ್ಷಿ ಹೇಳಾಕ ಒಂದೂ ಹಲ್ಲಿಲ್ಲೋ ತಮ್ಮಾ.

ಗುರುಸಿದ್ದವ್ವ: ಅವರನ್ನ ಯಾಕ ಕೇಳ್ತಿ? ನಮ್ಮ ಅಂಬೇವಾಡ್ಯಾಗ ಯಾರ ಮನಿಗೆ ಮುತ್ತು ಬಂದ್ರೂ ಮೊದಲು ನನ್ನ ಹಲ್ಲಿಗೆ ಬರತೈತಿ. ನಾಳೆ ನಿನ್ನ ಅಂಗಡಿ ಸುದ್ದೀನೂ ಹೇಳ್ತೇನಿ.

ಮುಜೀಬನ ಮುಖ ಬಿಳುಚಿತು. ಅಂಬೇವಾಡಿಯ ಹೆಂಗಸರು ಬರದೇ ಹೋದರೆ ಅಂಗಡಿಗೆ ಬೀಗ ಹಾಕಬೇಕು.

ಮುಜೀಬ: ಹಂಗಾರ ಒಂದು ಕೆಲಸ ಮಾಡ್ರಿ. ಮೊಮ್ಮಗಳ ನತ್ತಿನ ನಡುವ ಕೂಡಸಾಕ ತಂದೀರಲ್ಲ, ನಿಮ್ಮ ಹಳೇ ನತ್ತು, ಅದರ ಮುತ್ತನ್ನ ತಿಕ್ಕಿ ನೋಡ್ರಿ. ಅದು ಹೆಂಗ ಅಂತೈತೋ ಹಂಗ ಅನ್ನೂ ಮುತ್ತನ್ನ ಕೊಡ್ತೇನಿ.

ದ್ಯಾಮಪ್ಪ: ಅದ್ಯಾಕ? ಅದು ಹಳೇದು. ಸವದಿರತೈತಿ. ಬ್ಯಾಡ!

ಅವನು ಬಾಕಿನಿಂದ ಅರ್ಧ ಎದ್ದ. ಆ ನತ್ತಿನ ಮುತ್ತನ್ನು ಮದುವೆಗೆ ಮುಂಚೆ ಹಳಿಯಾಳದ ಸಂತೆಯಲ್ಲಿ, ಮಣಿ ಮಾರುವವನ ಹಾಸಿನ ಮೇಲಿಂದ ಅವನೇ ಆರಿಸಿದ್ದ. ‘ಗಾಜಿಂದು, ಆದ್ರ ಯಾರಿಗೂ ಗೊತ್ತಾಗೂದಿಲ್ಲ’ ಎಂದು ಮಾರುವವನೇ ಹೇಳಿದ್ದ. ಹೊಸ ಹೆಂಡತಿ ಅದನ್ನು ಹಲ್ಲಿಗೆ ತಿಕ್ಕಿ, ‘ಅಸಲಿ ಐತಿ’ ಎಂದು ನಕ್ಕಿದ್ದಳು. ಆ ನಗುವಿನ ಮುಂದೆ ಬಾಯಿ ಬಿಡಲಾಗದೆ ಅಂದು ಮುಚ್ಚಿದ ಬಾಯಿಯನ್ನು ದ್ಯಾಮಪ್ಪ ಊಟಕ್ಕಷ್ಟೇ ತೆರೆಯುತ್ತ ಬಂದಿದ್ದ. ಗಾಜನ್ನು ಮುತ್ತೆಂದ ಹಲ್ಲಿನ ಮೇಲೆ ಊರೇ ನಂಬಿಕೆಯಿಟ್ಟದ್ದನ್ನು ಕಂಡು ಒಳಗೊಳಗೇ ನಕ್ಕಿದ್ದೂ ಉಂಟು.

ಗುರುಸಿದ್ದವ್ವ ಸೆರಗಿನ ಗಂಟಿನಿಂದ ನತ್ತನ್ನು ತೆಗೆದು ತಿಕ್ಕಿದಳು. ತಿರುಗಿಸಿ ನೋಡಿದಳು. ಮತ್ತೆ ತಿಕ್ಕಿದಳು.

ಗುರುಸಿದ್ದವ್ವ: ಏನ್ರೀ… ಇದೂ ಜಾರತೈತಿ.

ಇಷ್ಟು ವರ್ಷಕ್ಕೆ ಹಲ್ಲಿಗೆ ಬುದ್ಧಿ ಬಂತಲ್ಲ ಎಂದುಕೊಂಡು ದ್ಯಾಮಪ್ಪ ಕೈ ಜೋಡಿಸಿದ.

ದ್ಯಾಮಪ್ಪ: ತಪ್ಪಾತು! ಅದು ಗಾಜು. ಆವಾಗ ಕೆಲಸ ಕಾಯಂ ಆಗಿರಲಿಲ್ಲ. ಒಂದು ಊಟದ ರೊಕ್ಕದಾಗ ತಂದೆ. ಹೇಳಬೇಕು ಅಂತಿದ್ದೆ, ನೀ ನಕ್ಕಬಿಟ್ಟಿ.

ಗುರುಸಿದ್ದವ್ವ: ಗಾಜು? ಗಾಜಿನ ಮಣಿ ಮೂಗಿಗೆ ಹಾಕ್ಕೊಂಡು ಊರ ಮಂದಿ ಮುತ್ತು ತಪಾಸ ಮಾಡಿದೆನಾ?

ಮುಜೀಬ: ಕೊಡ್ರಿ ಇಲ್ಲಿ.

ಅವನು ನತ್ತನ್ನು ಬೆಳಕಿಗೆ ಹಿಡಿದು, ಒಂದೇ ಕಣ್ಣಲ್ಲಿ ನೋಡಿದ. ಆಮೇಲೆ ಹಲ್ಲಿಗೆ ತಿಕ್ಕಿದ.

ಮುಜೀಬ: ಕಾಕಾರ, ಯಾವ ಗಾಜು? ಗಾಜಾಗಿದ್ರ ತೂತಿನ ಬಾಯಾಗ ಬಣ್ಣ ಸಿಪ್ಪಿ ಎದ್ದಿರತಿತ್ತು. ಇದು ಒಳಗೂ ಹೊರಗೂ ಒಂದ ಮೈ. ಅಸಲಿ! ಇಂಥಾದ್ದು ನನ್ನ ಅಂಗಡ್ಯಾಗೂ ಇಲ್ಲ. ಗಾಜಿನ ರಾಶ್ಯಾಗ ತಪ್ಪಿ ಬಿದ್ದಿರಬೇಕು. ಮಾರಿದವಗೂ ಗೊತ್ತಿಲ್ಲ, ತಂದ ನಿಮಗೂ ಗೊತ್ತಿಲ್ಲ.

ದ್ಯಾಮಪ್ಪ: ಹಂಗಾರ ಅವತ್ತು ಇಕಿ ಹಲ್ಲು ಹೇಳಿದ್ದು ಖರೇನ ಏನು? ಮತ್ತ ಇವತ್ತು ಆ ಹಲ್ಲಿಗೆ ಏನಾತು?

ಗುರುಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುಜೀಬ: ಅವ್ವಾರ, ಸಿಟ್ಟಾಗಬ್ಯಾಡ್ರಿ. ಆ ಹಲ್ಲು ನಿಮ್ಮವ ಏನು?

ಗುರುಸಿದ್ದವ್ವ: ರೊಕ್ಕಾ ಕೊಟ್ಟೇನಿ, ನನ್ನವಲ್ದ ಮತ್ಯಾರವು?

ಮುಜೀಬ: ಯಾ ಅಲ್ಲಾ! ಕಟ್ಟಿಸಿದ ಹಲ್ಲಿಗೆ ಮುತ್ತಿನ ಕರಕರ ಹೆಂಗ ತಿಳೀಬೇಕ್ರಿ? ಅದಕ್ಕ ಮುತ್ತೂ ಅಷ್ಟ, ಶೇಂಗಾನೂ ಅಷ್ಟ.

ದ್ಯಾಮಪ್ಪ: ಕಟ್ಟಿಸಿದ್ವಾ? ಯಾವಾಗ?

ಗುರುಸಿದ್ದವ್ವ: ಹೋದ ತಿಂಗಳ ನೀವು ಕ್ಯಾಸಲ್‌ರಾಕಿಗೆ ತಂಗಿ ಮನಿಗೆ ಹೋಗಿದ್ರಲ್ಲ, ಆವಾಗ. ಬಚ್ಚಲದಾಗ ಬಿದ್ದೆ, ಮುಂದಿನ ಹಲ್ಲು ಮುರದ್ವು. ಹುಬ್ಬಳ್ಳಿಗೆ ಹೋಗಿ ಹಾಕಿಸ್ಕೊಂಡು ಬಂದೆ.

ದ್ಯಾಮಪ್ಪ: ನನಗ ಒಂದು ಮಾತು ಹೇಳಬಾರದೇನು?

ಗುರುಸಿದ್ದವ್ವ: ಬಂದ ದಿನ ನನ್ನ ಮಾರಿ ನೋಡಿ ಏನಂದ್ರಿ? ‘ನಿನ್ನ ನಗಿ ಇನ್ನೂ ಹಂಗ ಐತಿ’ ಅಂದ್ರಿ. ಆಮ್ಯಾಲೆ ಹೆಂಗ ಹೇಳಲಿ?

ದ್ಯಾಮಪ್ಪನ ಬೆನ್ನು ಮೆಲ್ಲಗೆ ನೆಟ್ಟಗಾಯಿತು.

ದ್ಯಾಮಪ್ಪ: ನೋಡು ಮತ್ತ. ನಾ ಕೊಟ್ಟಿದ್ದು ಅಸಲಿ, ನೀ ತೋರ್ಸಿದ್ದು ನಕಲಿ.

ಗುರುಸಿದ್ದವ್ವ: ಅಸಲಿ ಕೊಟ್ಟವ ಆ ಮಣಿ ಮಾರವ. ನೀವು ನನಗ ಕೊಟ್ಟಿದ್ದು ಗಾಜು.

ದ್ಯಾಮಪ್ಪ: ಅದಕ್ಕ ಅಲ್ಲೇನ ಇಷ್ಟು ವರ್ಷ ನಿನ್ನ ಮಾತು ಮೀರಲಿಲ್ಲ? ನೀಡಿದ್ದೆಲ್ಲಾ ತಿಂದೆ!

ಗುರುಸಿದ್ದವ್ವ: ಹಂಗಾರ ಪ್ರೀತಿಗಲ್ಲ, ಹೆದರಿಕಿಗೆ ತಿಂದ್ರಿ? ಏನು ತಿಂದ್ರಿ ಅಂಥಾದ್ದು?

ದ್ಯಾಮಪ್ಪ: ಹಾಗಲಕಾಯಿ ಪಲ್ಯಾ! ವಾರಾ ವಾರಾ! ನನಗ ಸೇರೂದಿಲ್ಲ ಅದು!

ಗುರುಸಿದ್ದವ್ವ: ಸೇರೂದಿಲ್ಲಾ? ನಿಮಗ ಸೇರತೈತಿ ಅಂತ ಮಾಡಿದ್ನಿ. ನನಗರ ಎಲ್ಲಿ ಸೇರತೈತಿ?

ಮುಜೀಬ ನಗೆಯನ್ನು ಕೆಮ್ಮಾಗಿಸಿದ. ಗುರುಸಿದ್ದವ್ವ ನತ್ತನ್ನು ಅವನ ಮುಂದಿಟ್ಟು ಎದ್ದಳು.

ಗುರುಸಿದ್ದವ್ವ: ಜೋಡಿ ಮುತ್ತಿಗೆ ತೂತು ಹೊಡದು ಇದರ ಆಜೂಬಾಜು ಕೂಡಸು. ನಿನ್ನ ಮುತ್ತು ಅಸಲಿ ಅಂತ ಅಂಬೇವಾಡಿಗೆಲ್ಲಾ ಹೇಳ್ತೇನಿ. ನನ್ನ ಹಲ್ಲಿನ ಸುದ್ದಿ ಮಾತ್ರ ಈ ಹೊಸ್ತಿಲಾ ದಾಟಬಾರದು.

ಅವಳು ಮೆಟ್ಟಿಲಿಳಿದಳು. ದ್ಯಾಮಪ್ಪ ಮುಜೀಬನತ್ತ ವಾಲಿ ದನಿ ಏರಿಸಿದ.

ದ್ಯಾಮಪ್ಪ: ಕಂಡ್ಯೇನೋ ಮುಜೀಬ? ಗಾಜಿನ ಗಂಡ ಸತ್ತ. ಇವತ್ತಿಂದ ಈ ದ್ಯಾಮಪ್ಪ ಮುತ್ತು ಕೊಟ್ಟ ಗಂಡ. ಮನ್ಯಾಗ ಇನ್ನ ನಡಿಯೂದು ನನ್ನ ಮಾತು. ಮೊದಲನೇ ಮಾತು, ಈ ಹಾಗಲಕಾಯಿ ಚೀಲಾ ಇಲ್ಲೇ…

ಬೀದಿಯಿಂದ ಕೂಗು ಬಂತು.

— ಏನ್ರೀ! ಬಸ್ಸು ಬಂತು, ಬರ್ರಿ ಲಗೂನ! ಚೀಲಾ ಮರೀಬ್ಯಾಡ್ರಿ!

ಮುಜೀಬ: ಇಲ್ಲೇ ಏನ್ರಿ, ಕಾಕಾರ?

ದ್ಯಾಮಪ್ಪ ಚೀಲವನ್ನು ಎದೆಗವಚಿಕೊಂಡು ಆಗಲೇ ಮೆಟ್ಟಿಲಿಳಿದು ಬಸ್ಸಿನತ್ತ ಓಡುತ್ತಿದ್ದ.