ನಾಯಕಿ ಎಂದರೆ ನಾಟಕದವಳಲ್ಲ ಎಂದು ನನಗೆ ಯಾರೂ ಗಟ್ಟಿಯಾಗಿ ಹೇಳಲಿಲ್ಲ

ಶಾಲೆಯ ಗೇಟಿನ ಮುಂದೆ ಮಕ್ಕಳನ್ನು ಬಿಡಲು ಬಂದು ನೆರೆದಿರುವ ಸಮಸ್ತ ಸಭಾಸದರೇ, ಸ್ಕೂಟರ್ ಆಫ್ ಮಾಡದೆ ನಿಂತಿರುವ ಮಹನೀಯರೇ, ಕಾಂಪೌಂಡಿಗೆ ಒರಗಿದ ತಾಯಂದಿರೇ, ಹಿಂದಿನವರಿಗೆ ಕಾಣುವಂತೆ ತುಸು ಬಗ್ಗಿ ನಿಲ್ಲಿ. ಈ ಪತ್ರ ಒಬ್ಬರ ಹೆಸರಿಗೆ ಬರೆದದ್ದಾದರೂ ಎಲ್ಲರ ಕಿವಿಗೂ ಬೀಳಲಿ ಎಂದೇ ಇಲ್ಲಿ ಅಂಟಿಸಿದ್ದೇನೆ.

ಹಿರಿಯ ಪ್ರಾಥಮಿಕ ವಿದ್ಯಾರ್ಥಿಗಳ ನಾಯಕತ್ವ ಶಿಬಿರದ ಘನತೆವೆತ್ತ ಶಿಬಿರಾಧಿಕಾರಿಗಳ ಸನ್ನಿಧಾನಕ್ಕೆ, ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಮಾಲೀಕನೂ, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರನ್ನು ನಿದ್ದೆಯಿಂದ ಎಬ್ಬಿಸಿದವನೂ, ಏಳನೇ ತರಗತಿಯ ಹುಡುಗಿಯೊಬ್ಬಳ ತಂದೆಯೂ ಆದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ನನ್ನ ಮಗಳ ಪರಿಚಯ. ಮನೆಯವರೆಲ್ಲ ನಗಾರಿ ಬಾರಿಸಿದಂತೆ ಮಾತಾಡುವಾಗ ಇವಳೊಬ್ಬಳು ಹತ್ತಿಯ ಮೇಲೆ ಹತ್ತಿ ಇಟ್ಟಂತೆ ಮಾತಾಡುತ್ತಾಳಾದ್ದರಿಂದ ನಾವು ಅವಳನ್ನು ಮೆಲ್ಲಿ ಎಂದು ಕರೆಯುತ್ತೇವೆ. ಇಂಥ ಮೆಲ್ಲಿಯ ಕೈಯಲ್ಲಿ ತಾವು ಒಂದು ಚೀಟಿ ಕೊಟ್ಟು ಕಳುಹಿಸಿದಿರಿ. ಅದರಲ್ಲಿ, 'ನಿಮ್ಮ ಮಗಳು ನಾಯಕಿಯಾಗಿ ಆಯ್ಕೆಯಾಗಿದ್ದಾಳೆ, ಅಗತ್ಯ ಉಡುಪುಗಳೊಂದಿಗೆ ಶಿಬಿರಕ್ಕೆ ಕಳುಹಿಸಿಕೊಡಿ' ಎಂದಿತ್ತು. ತಾವೇ ನ್ಯಾಯ ಹೇಳಿ. ನಮ್ಮ ಕಸುಬಿನಲ್ಲಿ ನಾಯಕಿ ಎಂದರೆ ಎರಡನೇ ಅಂಕದಲ್ಲಿ ಅತ್ತು ಕೊನೆಯ ಅಂಕದಲ್ಲಿ ಗೆಲ್ಲುವವಳು. ಶಿಬಿರ ಎಂದರೆ ಯುದ್ಧದ ಹಿಂದಿನ ದಿನ ರಾಜನು ಮೀಸೆ ತೀಡುತ್ತ ಅತ್ತಿಂದಿತ್ತ ಓಡಾಡುವ ಜಾಗ. ಚೀಟಿ ಓದಿದ ಕೂಡಲೇ ನಾನು ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, 'ಏ ಇವಳೇ, ನಮ್ಮ ಮೆಲ್ಲಿಗೆ ಮೊದಲನೇ ಪಾತ್ರದಲ್ಲೇ ನಾಯಕಿ ಕಣೇ' ಎಂದು ಕೂಗಿದ್ದು ಬೀದಿಯ ಆಚೆ ತುದಿಯ ಕ್ಷೌರದ ಅಂಗಡಿಯಲ್ಲಿ ಒಬ್ಬರ ಕೆನ್ನೆ ಕುಯ್ಯಲು ಕಾರಣವಾಯಿತಂತೆ. ಅವರಲ್ಲಿ ಆಗಲೇ ಕ್ಷಮೆ ಕೇಳಿದ್ದೇನೆ.

ಆಮೇಲೆ ಟ್ರಂಕು ತುಂಬಿದೆ. ತಾವು ಬಯಸಿದ್ದು ಹೊದಿಕೆ, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು ಎಂದು ಈಗ ಗೊತ್ತಾಗಿದೆ. ನಾನು ಇಟ್ಟದ್ದು ಮಖಮಲ್ಲಿನ ರಾಜಪೋಷಾಕು, ತಗಡಿನ ಕಿರೀಟ, ಒಂದು ಟೊಳ್ಳು ಗದೆ, ಎರಡು ಕತ್ತಿ, ಋಷಿಗಳ ಗಡ್ಡ, ಮತ್ತು ಅರಮನೆಯ ಕಂಬಗಳನ್ನು ಬರೆದ ಹಿಂಪರದೆ. 'ಅಪ್ಪಾ, ಇದು ನಾಟಕ ಅಲ್ಲ' ಎಂದು ಮೆಲ್ಲಿ ಮೆಟ್ಟಿಲ ಮೇಲೊಮ್ಮೆ, ಬಸ್ಸಿನ ಬಾಗಿಲಲ್ಲೊಮ್ಮೆ ಹೇಳಿದಳಂತೆ. ಹೇಳಿರಬಹುದು. ನಾನು ಆಗ ಡ್ರೈವರಿಗೆ ಕಿರೀಟವನ್ನು ಹೇಗೆ ನೆಟ್ಟಗೆ ಹಿಡಿದುಕೊಂಡು ಬ್ರೇಕು ಹಾಕಬೇಕೆಂದು ವಿವರಿಸುತ್ತಿದ್ದೆ. ಕಿವಿಗೇ ಬೀಳದ ಮಾತನ್ನು ಒಪ್ಪಿಕೊಳ್ಳಬೇಕೆಂದು ಯಾವ ಕಾನೂನಿನಲ್ಲಿದೆ, ತಿಳಿಸಿ.

ಈಗ ತಮ್ಮ ಮೇಲಿನ ದೂರಿಗೆ ಬರುತ್ತೇನೆ. ಆ ಟ್ರಂಕನ್ನು ಕಂಡ ಕೂಡಲೇ ತಾವು ಅದನ್ನು ವಾಪಸು ಕಳುಹಿಸಿ, ನನ್ನನ್ನು ಕರೆಸಿ, ನಾಲ್ಕು ಮಾತು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ಇಬ್ಬರೂ ಕೈಕುಲುಕಿ ಮುಗಿಸಬಹುದಿತ್ತು. ತಾವು ಹಾಗೆ ಮಾಡಲಿಲ್ಲ. 'ನಾಯಕಿ, ಈಗೇನ್ಮಾಡ್ತೀಯ ನೀನೇ ನೋಡು' ಎಂದು ನನ್ನ ಕೂಸಿಗೇ ಬಿಟ್ಟಿರಿ. ಅವಳು ನೋಡಿದಳು. ಪರಿಣಾಮವಾಗಿ, ನಾಡಿನ ಹೆಸರಾಂತ ನಟರೆಲ್ಲ ಯಾವುದರ ಮುಂದೆ ನಿಂತು ಪ್ರಾಣ ಬಿಟ್ಟಿದ್ದರೋ ಆ ಅರಮನೆಯ ಪರದೆ ಊಟದ ಸಾಲಿಗೆ ಗಾಳಿ ಹೊಡೆಯದಂತೆ ಅಡ್ಡ ಕಟ್ಟಿಸಿಕೊಂಡಿತು. ಕತ್ತಿಗಳ ನಡುವೆ ಹಗ್ಗ ಎಳೆದು ಅಂಡರ್‌ವೇರ್ ಒಣಹಾಕಲಾಯಿತು. ಗದೆಯ ಮುಚ್ಚಳ ಬಿಚ್ಚಿ ಅದರಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕಲಾಯಿತು. ಕಿರೀಟವನ್ನು ಬೋರಲು ಹಾಕಿ ಚಮಚ ತುಂಬಲಾಯಿತು. ಋಷಿಗಳ ಗಡ್ಡದಿಂದ ಸ್ವಚ್ಛತಾ ದಳದವರು ಇಡೀ ಶಿಬಿರದ ಬೂಟು ಒರೆಸಿದರು. ಮಖಮಲ್ಲಿನೊಳಗೆ ಹುಡುಗಿಯರೆಲ್ಲ ಬೆಚ್ಚಗೆ ಮಲಗಿದರಂತೆ. ಆ ಪೋಷಾಕು ಅದರ ಆಯುಷ್ಯದಲ್ಲಿ ಇಷ್ಟು ಜನರಿಗೆ ಒಟ್ಟಿಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು ಎಂಬುದನ್ನು ನಾನು ಒಪ್ಪಲು ಸಿದ್ಧನಿಲ್ಲ. ಇಷ್ಟಕ್ಕೆ ತಾವು, 'ಇರುವ ಸಾಮಾನಿನಲ್ಲೇ ಕೆಲಸ ಸಾಧಿಸುವ ಅಪರೂಪದ ನಾಯಕಿ' ಎಂದು ಶಹಬ್ಬಾಸ್ ಬೇರೆ ಹೇಳಿದಿರಿ. ಎಂಥ ದೂರದೃಷ್ಟಿ ತಮ್ಮದು ಮಹಾಸ್ವಾಮಿ, ಮುಂದಿನ ವರ್ಷ ನನ್ನ ಅಂಗಡಿಯನ್ನೇ ಕಿತ್ತು ತಮ್ಮ ಶಿಬಿರದ ಉಗ್ರಾಣಕ್ಕೆ ಜೋಡಿಸಿಬಿಡಿ.

ಇದನ್ನೂ ಸಹಿಸಿದೆ. ಆದರೆ ಸಮಾರೋಪದ ದಿನ ಪೋಷಕರನ್ನೂ ಕರೆದು ತಾವು ಮಾಡಿದ ಘೋರ ಅನ್ಯಾಯವನ್ನು ಸಹಿಸಲಾರೆ. ನನ್ನ ಮಗಳು ತನ್ನ ದಳದ ಕೆಲಸವನ್ನು ವಿವರಿಸುತ್ತಾ ಮಧ್ಯದಲ್ಲಿ ನಿಂತುಬಿಟ್ಟಳು. ರಂಗದ ಮೇಲೆ ನಟ ತಡವರಿಸಿದರೆ ಪಕ್ಕದಿಂದ ಮಾತು ಹೇಳಿಕೊಡುವುದು ನಮ್ಮ ಮನೆತನದ ರಕ್ತದಲ್ಲಿದೆ. ಅವಳ ಮುಂದಿನ ಮಾತು ಏನೆಂದು ನನಗೆ ಗೊತ್ತಿರಲಿಲ್ಲ ಎಂಬುದು ಬೇರೆ ವಿಷಯ. 'ಎಲೈ ಸಭಿಕರೇ, ಇಂತಿರಲಾಗಿ' ಎಂದು ಹಿಂದಿನಿಂದ ಎತ್ತಿಕೊಟ್ಟೆ. ಮೆಲ್ಲಿ ಬಲಗೈ ಎತ್ತಿದಳು. ಅವಳನ್ನು ನೋಡಿ ಮಕ್ಕಳೆಲ್ಲ ಕೈ ಎತ್ತಿ ಬಾಯಿ ಮುಚ್ಚಿದರು. ಮೇಷ್ಟ್ರುಗಳು ಕೈ ಎತ್ತಿದರು. ಅಡುಗೆಯವರು ಸೌಟು ಹಿಡಿದ ಕೈಯನ್ನೇ ಎತ್ತಿದರು. ಅದು ಬಾಯಿ ಮುಚ್ಚಿಸಲು ತಾವು ಕಲಿಸಿದ ಉಪಾಯವೆಂದು ಅರಿಯದ ನಾನು, ಎಲ್ಲರೂ ಏನೋ ಪ್ರತಿಜ್ಞೆ ಮಾಡುತ್ತಿದ್ದಾರೆಂದು ತಿಳಿದು, ಕೈ ಎತ್ತಿ ಗಂಟಲು ತೆರೆದು 'ನಾನು' ಎಂದು ಶುರುಮಾಡಿದೆ. ಆಗ ತಾವು ಎದ್ದು ಬಂದು, 'ನಿಮ್ಮದೇನಾದ್ರೂ ಪ್ರಶ್ನೆ ಇದ್ಯಾ ಸಾರ್' ಎಂದು ಅಷ್ಟು ಮೃದುವಾಗಿ ಕೇಳಬಾರದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಆ ಅಂಗೈಯದೇ ರಾಜ್ಯಭಾರ. ತರಕಾರಿಯವನು ಎದ್ದಿರುವ ಕೈ ಕಂಡು ಕೂಗುವುದನ್ನು ಬಿಟ್ಟು ಮೆಲ್ಲಗೆ ಬೆಲೆ ಹೇಳುತ್ತಾನೆ. ಬಾಡಿಗೆ ಕತ್ತಿ ತೆಗೆದುಕೊಳ್ಳಲು ಬಂದ ಖಳನಟರು ಅಟ್ಟಹಾಸವನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಾರೆ. ಊಟವಾದ ಮೇಲೆ ಮನೆ ಸಭೆ. ಪ್ರತಿಯೊಬ್ಬರೂ ಇನ್ನೊಬ್ಬರ ಬಗ್ಗೆ ಒಂದು ಮೆಚ್ಚುಗೆ, ಒಂದು ತಿದ್ದುಪಡಿ ಹೇಳಬೇಕು. ಮೆಚ್ಚುಗೆಗಳು ಮನೆಮಂದಿಗೆಲ್ಲ ಹಂಚಿಹೋಗುತ್ತವೆ, ತಿದ್ದುಪಡಿಗಳು ಮಾತ್ರ ಒಬ್ಬನ ತಲೆಗೇ ಬಂದು ಬೀಳುತ್ತವೆ. 'ನಿಮ್ಮ ದನಿ ಬಟ್ಟೆ ಒಗೆಯೋ ಕಲ್ಲಿನ ತನಕ ಬರುತ್ತೆ, ನೀವು ಮಾತ್ರ ಬರಲ್ಲ' ಎಂದಳು ನನ್ನ ಹೆಂಡತಿ. 'ನಿಮ್ಮಪ್ಪನೂ ಹಿಂಗೇ ಕಣೋ, ಅದಕ್ಕೇ ನಂಗೆ ಈ ಕಡೆ ಕಿವಿ ಹೋಗಿದ್ದು' ಎಂದರು ನನ್ನ ಹೆತ್ತ ತಾಯಿ. ನಾನು ಉತ್ತರ ಕೊಡಲು ಎದ್ದೆ. ಕೈ ಎದ್ದಿತು. ಕೂತೆ.

ಇನ್ನು ನನ್ನ ಹೊಟ್ಟೆಯಲ್ಲಿ ಬೆಂಕಿ ಹೊತ್ತಿಸಿರುವ ಸಂಗತಿ. ನಾಳೆ ಶಾಲೆಯ ಅಂಗಳದಲ್ಲಿ ಮೆಲ್ಲಿಗೆ ಶಾಲಾ ನಾಯಕಿಯ ಬ್ಯಾಡ್ಜು ತೊಡಿಸುತ್ತಾರೆ, ಅವಳು ಇಡೀ ಶಾಲೆಯೆದುರು ಮಾತಾಡುತ್ತಾಳೆ. ನಿನ್ನೆ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಅವಳು ನನಗೆ ಷರತ್ತು ವಿಧಿಸಿದಳು. ಕೇಳಿಸಿಕೊಳ್ಳಲು ನಾನು ಅವಳ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು. 'ಅಪ್ಪಾ, ನೀನು ಬರಲೇಬೇಕು. ಆದ್ರೆ ನಾನು ಮಧ್ಯ ನಿಂತ್ರೆ ಹೇಳ್ಕೊಡಬೇಡ. ನಾನು ಮರೆತು ನಿಂತಿರಲ್ಲ, ಯೋಚ್ನೆ ಮಾಡ್ತಾ ನಿಂತಿರ್ತೀನಿ. ನೀನು ಒಂದೇ ಒಂದು ಮಾತಾಡಿದ್ರೂ ಬ್ಯಾಡ್ಜು ಬಿಚ್ಚಿ ಉಪನಾಯಕನಿಗೆ ಕೊಟ್ಟುಬಿಡ್ತೀನಿ. ಅವ್ನು ತುಂಬಾ ಗಟ್ಟಿಯಾಗಿ ಮಾತಾಡ್ತಾನೆ, ನಿಂಗೆ ಇಷ್ಟ ಆಗ್ತಾನೆ.' ಹೀಗೆಂದು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೇಹೋದಳು. ಮಾನ್ಯರೇ, ಈ ಕಡೆಯ ಮಾತಿನಂಥ ಬಾಣವನ್ನು ಯಾವ ನಾಟಕದ ಯಾವ ಯುದ್ಧದಲ್ಲೂ ನನ್ನ ಎದೆಗೆ ಯಾರೂ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ಸುಮ್ಮನಿರುವುದನ್ನು ಅಭ್ಯಾಸ ಮಾಡಿ ನೋಡಿದೆ. 'ಸುಮ್ಮನಿರು' ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡದ್ದು ಮೇಲಿನ ಮನೆಗೆ ಕೇಳಿಸಿ, ಅವರ ನಾಯಿ ಬೊಗಳುವುದನ್ನು ನಿಲ್ಲಿಸಿತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ಮರೆತು ನಿಲ್ಲುವ ಮೌನಕ್ಕೂ ಯೋಚಿಸಿ ನಿಲ್ಲುವ ಮೌನಕ್ಕೂ ಬೇರೆ ಬೇರೆ ಬಣ್ಣ ಬಳಿಸಿ, ಹಿಂದಿನ ಸಾಲಿನವರಿಗೆ ಗುರುತು ಸಿಗುವಂತೆ ಮಾಡಿಕೊಡಬೇಕು. ಸಾಧ್ಯವಾಗದಿದ್ದರೆ ನನ್ನ ಗಂಟಲನ್ನು ಒಂದು ಬೆಳಗಿನ ಮಟ್ಟಿಗೆ ಶಾಲೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ರಸೀತಿ ಕೊಡಬೇಕು. ಅವಳ ಮಾತು ಮುಗಿದ ಮೇಲೆ ಒಂದೇ ಒಂದು 'ಭಲೇ' ಎನ್ನಲು, ಬರೀ ಒಂದು, ಅದೂ ಸಣ್ಣದು, ಪರವಾನಗಿ ದಯಪಾಲಿಸಬೇಕು. ಕೊನೆಯದಾಗಿ, ಅಪ್ಪಂದಿರಿಗೂ ಒಂದು ಶಿಬಿರ ನಡೆಸಬೇಕು; ಅದರ ಉಡುಪುಗಳ ವಿಷಯ ಮಾತ್ರ ಮೊದಲೇ, ಬಿಡಿಸಿ, ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ತಮ್ಮ ಉಪಕಾರವನ್ನು ಏಳೇಳು ಜನ್ಮಕ್ಕೂ ಮರೆಯದೆ ಗೊಣಗುತ್ತಿರುವ,

ತಮ್ಮ ವಿಶ್ವಾಸಿ,
ಶಾಲಾ ನಾಯಕಿಯ ತಂದೆ (ಬ್ಯಾಡ್ಜು ಉಳಿದರೆ)

ವಿ.ಸೂ.: ತಮ್ಮ ಉತ್ತರಕ್ಕೆ ಕಾಯುವಷ್ಟು ವ್ಯವಧಾನವಿಲ್ಲ. ನಾಳೆ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಬಂದು, ಅಂಗಳದ ನಲ್ಲಿಯಲ್ಲಿ ಬಾಯ್ತುಂಬ ನೀರು ತುಂಬಿಕೊಂಡು, ಎರಡನೇ ಸಾಲಿನಲ್ಲಿ ಕೂರುತ್ತೇನೆ. ಅಷ್ಟು ಹತ್ತಿರ ಕೂತರೆ ಅವಳ ದನಿ ಕೇಳುತ್ತದಂತೆ. ಅವಳು ಎಷ್ಟು ಹೊತ್ತು ಯೋಚಿಸುತ್ತಾ ನಿಂತರೂ ನುಂಗುವುದಿಲ್ಲ, ಉಗುಳುವುದಿಲ್ಲ. ಮುಖ್ಯ ಅತಿಥಿಗಳಾದ ತಮ್ಮ ಕುರ್ಚಿಯನ್ನು ಸರಿಯಾಗಿ ನನ್ನ ಮುಂದೆಯೇ ಹಾಕಿದ್ದಾರೆ. ನನ್ನ ಮಗಳು ತುಂಬ ನಗಿಸುತ್ತಾಳೆಂದು ಅವಳ ಗೆಳತಿಯರು ಹೇಳಿದ್ದು ನೆನಪಾಯಿತು. ತಾವು ಒಂದು ಕೊಡೆ ತರುವುದು ಒಳ್ಳೆಯದು.