ಮೂರು ಕಣ್ಣಿನ ಗಾಲ್ಫ್ ಡಬ್ಬಿ

ಅಳತೆಯ ಯಂತ್ರ ಕೊಳ್ಳಲು ಹೊರಟವನಿಗೆ ನಿಜವಾದ ಅಳತೆ ಬೇಕಿರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೇನೂ ಇಲ್ಲ. ನಮಗೆ ಬೇಕಾಗಿರುವುದು ನಮ್ಮ ಪರವಾಗಿ ಮಾತಾಡುವ ಯಂತ್ರ. ನನ್ನ ಹೆಂಡತಿ ಶೈಲಜಾ, ಮನೆಯಲ್ಲಿ ತೂಕದ ಮಷೀನು ಇದ್ದರೂ, ತೂಕ ನೋಡಿಕೊಳ್ಳಲು ಬಸವೇಶ್ವರನಗರದಿಂದ ಮೂಡಲಪಾಳ್ಯದ ಕ್ಲಿನಿಕ್ಕಿಗೆ ಹೋಗುತ್ತಾಳೆ. ಅಲ್ಲಿಯದು ಎರಡು ಕಿಲೋ ಕಡಿಮೆ ತೋರಿಸುತ್ತದೆ. ಕೇಳಿದರೆ, "ಅದು ಡಾಕ್ಟರ ಮಷೀನು ರೀ. ಅವ್ರಿಗಿಂತ ನಿಮ್ಗೆ ಜಾಸ್ತಿ ಗೊತ್ತಾ?" ಎನ್ನುತ್ತಾಳೆ. ಇದನ್ನು ನೆನೆದು ನಾನು ವರ್ಷಗಟ್ಟಲೆ ಒಳಗೊಳಗೇ ನಕ್ಕಿದ್ದೇನೆ. ಈಗ ನಗುವುದನ್ನು ಬಿಟ್ಟಿದ್ದೇನೆ.

ಕಾಮಾಕ್ಷಿಪಾಳ್ಯದಲ್ಲಿ ಹಿತ್ತಾಳೆ ನಲ್ಲಿಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೇಲ್ಸ್ ಮ್ಯಾನೇಜರು. ಮಾಲೀಕರು ನಂಜೇಗೌಡರು. ಅವರ ತಾತ ಹೊಸಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗೌಡರ ಬಾಡಿಗೆ ಕಟ್ಟಡಗಳು ನಿಂತಿವೆ. ಗೌಡರಿಗೆ ಯಾವ ಹುಚ್ಚು ಹಿಡಿದರೂ ಅದು ಆಫೀಸಿಗೆಲ್ಲ ಹರಡುವುದು ನಮ್ಮಲ್ಲಿ ಪದ್ಧತಿ. ಅವರಿಗೆ ಬ್ಯಾಡ್ಮಿಂಟನ್ ಹಿಡಿದಾಗ ನಮಗೆಲ್ಲ ಮೊಣಕೈ ನೋವು ಬಂತು. ಅವರು ರಾತ್ರಿ ಊಟ ಬಿಟ್ಟಾಗ ಅಕೌಂಟ್ಸಿನವರು ಸಂಜೆ ಕದ್ದು ಬನ್ನು ತಿನ್ನುತ್ತಿದ್ದರು. ಚೆನ್ನೈನ ದೊಡ್ಡ ಗಿರಾಕಿಯೊಬ್ಬರು ವ್ಯಾಪಾರದ ಮಾತನ್ನು ಗಾಲ್ಫ್ ಮೈದಾನದಲ್ಲೇ ಆಡುವವರು ಎಂದು ತಿಳಿದ ದಿನ ಗೌಡರು ಗಾಲ್ಫ್ ಚೀಲ ತಂದರು. ಮಾಲೀಕರು ಚೀಲ ತಂದ ಮೇಲೆ ಸೇಲ್ಸ್ ಮ್ಯಾನೇಜರು ಬರಿಗೈಯಲ್ಲಿ ಇರಲು ಸಾಧ್ಯವೇ?

ಆದರೆ ಗಾಲ್ಫ್ ಮೈದಾನ ಇರುವುದು ಊರಿನ ಆ ತುದಿಯಲ್ಲಿ. ಮಾಗಡಿ ರಸ್ತೆಯಿಂದ ಹೊರಟು ಸಿಗ್ನಲ್‌ಗಳನ್ನೆಲ್ಲ ದಾಟಿ ಅಲ್ಲಿ ಮುಟ್ಟುವ ಹೊತ್ತಿಗೆ ಆಡುವ ಆಸೆ ಆರಿ ಹಸಿವು ಉಳಿದಿರುತ್ತದೆ. ಅದಕ್ಕೆ ಗೌಡರು ಮನೆಯಲ್ಲೇ ಸಿಮ್ಯುಲೇಟರ್ ಮಾಡಿಸಿಕೊಂಡರು. ಎಂದರೆ, ಒಂದು ಕೋಣೆಯಲ್ಲಿ ಬಲೆ ಮತ್ತು ಪರದೆ ಕಟ್ಟಿ ಅದರತ್ತ ಚೆಂಡು ಹೊಡೆಯುವುದು. ಚೆಂಡು ಬಲೆಗೆ ಬಡಿದು ಕೆಳಗೆ ಬೀಳುತ್ತದೆ. ಪಕ್ಕದಲ್ಲಿಟ್ಟ ಲಾಂಚ್ ಮಾನಿಟರ್ ಎಂಬ ಡಬ್ಬಿ ಅದರ ವೇಗವನ್ನೂ ದಿಕ್ಕನ್ನೂ ಅಳೆದು, ಬಲೆ ಇಲ್ಲದಿದ್ದರೆ ಚೆಂಡು ಎಷ್ಟು ಗಜ ಹೋಗಿ ಬೀಳುತ್ತಿತ್ತು ಎಂದು ಹೇಳುತ್ತದೆ. ಅಂದರೆ ಇಡೀ ಆಟ ಆ ಡಬ್ಬಿಯ ಮಾತಿನ ಮೇಲೆ ನಿಂತಿದೆ. ಗೌಡರು ವಾರಕ್ಕೊಮ್ಮೆ ಆಫೀಸಿನ ವಾಟ್ಸಾಪ್ ಗುಂಪಿಗೆ ತಮ್ಮ ಹೊಡೆತದ ಚಿತ್ರ ಹಾಕುತ್ತಿದ್ದರು. ಇನ್ನೂರ ನಲವತ್ತು ಗಜ. ನಾವೆಲ್ಲ ಹೆಬ್ಬೆರಳು ಎತ್ತುತ್ತಿದ್ದೆವು. ಮಷೀನು ಬಂದ ಮೇಲೆ ಅವರು ಮೈದಾನದ ಕಡೆ ತಲೆ ಹಾಕಿರಲಿಲ್ಲ ಎಂಬುದನ್ನು ಯಾರೂ ಯೋಚಿಸಲಿಲ್ಲ, ಅವರೂ ಸೇರಿದಂತೆ.

ನಮ್ಮ ಮನೆಯ ತಾರಸಿಯ ಮೇಲೆ ಒಂದು ಶೀಟಿನ ಕೋಣೆ ಇದೆ. ಅಮ್ಮನ ಸಂಡಿಗೆ ಒಣಗಿಸುವ ಪ್ಲಾಸ್ಟಿಕ್ ಹಾಳೆಗಳು, ಮುರಿದ ಮಂಚ, ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಒಂದು ಸೈಕಲ್ಲು ಅಲ್ಲಿದ್ದವು. ಅವನ್ನೆಲ್ಲ ಒಂದು ಮೂಲೆಗೆ ತಳ್ಳಿ, ಬಲೆ ಕಟ್ಟಿ, ಡಬ್ಬಿಯ ಹುಡುಕಾಟಕ್ಕೆ ಇಳಿದೆ. ನನ್ನ ಷರತ್ತು ಒಂದೇ, ಅಗ್ಗದ್ದಾಗಿರಬೇಕು. ಮೊದಲು ಕಣ್ಣಿಗೆ ಬಿದ್ದದ್ದು ರೇಡಾರ್ ಜಾತಿಯದು. ಬೆಲೆಯೂ ಪರವಾಗಿಲ್ಲ. ಆದರೆ ಅದನ್ನು ಚೆಂಡಿನ ಹಿಂದೆ ಬಹಳ ದೂರದಲ್ಲಿ ಇಡಬೇಕಂತೆ, ಮುಂದೆಯೂ ಚೆಂಡಿಗೆ ಹಾರಲು ಜಾಗ ಬೇಕಂತೆ. ಟೇಪಿನ ಒಂದು ತುದಿಯನ್ನು ಶೈಲಜಾಳ ಕೈಗೆ ಕೊಟ್ಟು ಅಳೆದೆ. ಲೆಕ್ಕದ ಪ್ರಕಾರ ಡಬ್ಬಿ ಬಾಗಿಲು ದಾಟಿ ನೀರಿನ ಟ್ಯಾಂಕಿನ ಕೆಳಗೆ ಕೂರಬೇಕಿತ್ತು. "ಮಳೆ ಬಂದ್ರೆ ಅದಕ್ಕೆ ಕೊಡೆ ಹಿಡಿಯೋರು ಯಾರು?" ಎಂದು ಆಕೆ ಕೇಳಿದಳು. ನನ್ನನ್ನೇ ನೋಡಿ ಕೇಳಿದಳು, ಎಂದರೆ ಉತ್ತರ ಆಕೆಗೆ ಗೊತ್ತಿತ್ತು. ಸಾಲದ್ದಕ್ಕೆ, ತಿರುಗುವ ಫ್ಯಾನು ಕಂಡರೆ ಆ ಜಾತಿಗೆ ತಲೆ ಕೆಡುತ್ತದಂತೆ. ಫ್ಯಾನು ನಿಲ್ಲಿಸಿದರೆ ಶೀಟಿನ ಕೆಳಗೆ ನನ್ನದೂ ಕೆಡುತ್ತದೆ.

ಇನ್ನೊಂದು ಜಾತಿ ಕ್ಯಾಮೆರಾದ್ದು. ಚೆಂಡಿನ ಪಕ್ಕದಲ್ಲೇ ತೆಪ್ಪಗೆ ಕೂರುತ್ತದೆ, ಜಾಗ ಬೇಡುವುದಿಲ್ಲ. ಅದರ ಬೆಲೆಗಳನ್ನು ನೋಡಿ ಫೋನನ್ನು ಮಗುಚಿ ಇಟ್ಟೆ. ವಿಡಿಯೋಗಳನ್ನೂ ನೋಡಿದೆ. ಒಬ್ಬ ಅಮೆರಿಕದವನು, 'ನನ್ನದು ಇಕ್ಕಟ್ಟಾದ ಗ್ಯಾರೇಜು' ಎಂದು ನೊಂದುಕೊಂಡು ತೋರಿಸಿದ. ಅದು ನಮ್ಮ ಸೈಟಿಗಿಂತ ದೊಡ್ಡದಿತ್ತು. ಕೆಲವು ಡಬ್ಬಿಗಳು ಅಗ್ಗ, ಆದರೆ ಅವು ಬಾಯಿ ಬಿಡಬೇಕಾದರೆ ವರ್ಷಾವರ್ಷ ಚಂದಾ ಕಟ್ಟಬೇಕು. ನಮ್ಮ ರಸ್ತೆಯ ಗಣೇಶನಿಗೆ ಕೊಡುವುದರಲ್ಲೇ ನಾನು ಸಾಕಾಗಿದ್ದೇನೆ. ಕೊನೆಗೆ ಗೌಡರನ್ನೇ ಕೇಳಿದೆ. "ನನ್ನತ್ರ ಇರೋದನ್ನೇ ತಗೊಳ್ರೀ ಮಂಜುನಾಥ್. ಕ್ಯಾಮೆರಾದ್ದೇ, ರೇಟೂ ಕಮ್ಮಿ. ಅಳತೆ ಅಂದ್ರೆ ಬಂಗಾರ" ಎಂದರು. ಅಷ್ಟು ಕಟ್ಟಡಗಳಿದ್ದರೂ ಗೌಡರು ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಕೊಳ್ಳುವವರಲ್ಲ. ಆದ್ದರಿಂದ ಅವರ ಮಾತನ್ನು ಕಣ್ಣು ಮುಚ್ಚಿ ನಂಬಿದೆ.

ಡಬ್ಬಿ ಮನೆಗೆ ಬಂದದ್ದು ಒಂದು ಶುಕ್ರವಾರ. ಇಲ್ಲಿ ನಮ್ಮಮ್ಮನ ಒಂದು ನಿಯಮವನ್ನು ಹೇಳಬೇಕು. ಮನೆಗೆ ಬಂದ ಯಾವ ಹೊಸ ವಸ್ತುವೂ ಪೂಜೆಯಾಗದೆ ಕೆಲಸಕ್ಕೆ ಇಳಿಯುವಂತಿಲ್ಲ. ಆಮೇಲೂ ಶುಕ್ರವಾರ ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಆಗಬೇಕು. ಫ್ರಿಜ್ಜು, ಮಿಕ್ಸಿ, ಇಂಟರ್ನೆಟ್ಟಿನ ಪೆಟ್ಟಿಗೆ, ಬಿ.ಪಿ. ನೋಡುವ ಯಂತ್ರ, ಎಲ್ಲಕ್ಕೂ ಹಣೆಯಲ್ಲಿ ಬೊಟ್ಟು. ನಮ್ಮ ಮನೆಯಲ್ಲಿ ಬೊಟ್ಟಿಲ್ಲದ ವಸ್ತು ಕಂಡರೆ ಅದು ಪಕ್ಕದ ಮನೆಯದು ಎಂದು ತಿಳಿಯಬಹುದು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ಡಬ್ಬಿಯನ್ನು ದೇವರ ಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಮಲ್ಲಿಗೆ ಹಾಕಿ, ಮಂಗಳಾರತಿಯನ್ನೂ ಮುಗಿಸಿದ್ದಳು. ಡಬ್ಬಿಯ ಮುಖದಲ್ಲಿ ಸಾಲಾಗಿ ಮೂರು ಗುಂಡನೆಯ ಕಪ್ಪು ಗಾಜುಗಳಿದ್ದವು. "ಮುಕ್ಕಣ್ಣ ಕಣೋ ಇವ್ನು. ಒಳ್ಳೇದನ್ನೇ ತಂದಿದೀಯ" ಎಂದಳು. ಅಮ್ಮನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಡಿಗ್ರಿ ಪಾಸಾದಾಗಲೂ ಕಂಡಿರಲಿಲ್ಲ.

ಮೇಲೆ ತಂದಿಟ್ಟು ಉಸಿರು ಬಿಗಿಹಿಡಿದು ಒಂದು ಬಾರಿಸಿದೆ. ಇನ್ನೂರ ಇಪ್ಪತ್ತೆಂಟು ಗಜ. ನಂಬಿಕೆ ಬರಲಿಲ್ಲ, ಇನ್ನೊಂದು ಹೊಡೆದೆ. ಇನ್ನೂರ ಇಪ್ಪತ್ತೈದು. ಹಿಂದೆ ಒಂದೆರಡು ಸಲ ಮೈದಾನಕ್ಕೆ ಹೋದಾಗ ಗೌಡರ ಚೀಲದ ಪಕ್ಕ ನಿಂತಿದ್ದೇ ಹೆಚ್ಚಾದ್ದರಿಂದ ನನ್ನ ತೋಳಿನ ಶಕ್ತಿ ನನಗೇ ತಿಳಿದಿರಲಿಲ್ಲ. ಐವತ್ತು ದಾಟಿದ ಮೇಲೆ ಅದು ತಿಳಿದಾಗ ಆಗುವ ಹಿಗ್ಗನ್ನು ಅನುಭವಿಸಿಯೇ ನೋಡಬೇಕು. ತಕ್ಷಣ ಚಿತ್ರವನ್ನು ಗುಂಪಿಗೆ ಹಾಕಿದೆ. ಗೌಡರ ಫೋನು ಬಂತು. "ಏನ್ರೀ, ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ರಿ? ಮುಂದಿನ ಭಾನುವಾರ ಚೆನ್ನೈನವ್ರು ಬರ್ತಿದಾರೆ. ಅವರಿಬ್ರು, ನಾವಿಬ್ರು. ನೀವೇ ನನ್ನ ಜೋಡಿ." ವಾರವಿಡೀ ನಾನು ಆಫೀಸಿನಲ್ಲಿ ಎದೆ ಮುಂದೆ ಮಾಡಿಕೊಂಡು ನಡೆದೆ. ಲಿಫ್ಟಿನಲ್ಲಿ ಕೂಡ ಕೊಡೆಯನ್ನು ಎರಡು ಕೈಯಲ್ಲಿ ಹಿಡಿದು ಸೊಂಟ ತಿರುಗಿಸುತ್ತಿದ್ದೆನಂತೆ.

ಶನಿವಾರ ಮಧ್ಯಾಹ್ನ ಕೊನೆಯ ಅಭ್ಯಾಸಕ್ಕೆಂದು ಮೇಲೆ ಹೋಗಿ ಹೊಡೆದೆ. ನೂರ ಹನ್ನೆರಡು. ಇನ್ನೊಮ್ಮೆ ಹೊಡೆದೆ. ನೂರ ಒಂಬತ್ತು. ಫ್ಯಾನು ನಿಲ್ಲಿಸಿದೆ, ಡಬ್ಬಿಯನ್ನು ಆರಿಸಿ ಮತ್ತೆ ಹೊತ್ತಿಸಿದೆ, ಅಂಗಿ ಬಿಚ್ಚಿ ಬರೀ ಬನಿಯನ್ನಿನಲ್ಲಿ ಹೊಡೆದೆ. ನೂರ ಹತ್ತು. ಕೆಳಗಿಳಿದು ಬಂದು, ಯಾರು ಅದನ್ನು ಮುಟ್ಟಿದ್ದು ಎಂದು ಕೂಗಾಡಿದೆ. ಶೈಲಜಾ ಬೀನ್ಸ್ ಬಿಡಿಸುತ್ತಾ, "ಮುಟ್ಟಿಲ್ಲಪ್ಪ, ಒರೆಸ್ದೆ ಅಷ್ಟೇ. ಮಧ್ಯದ ಗಾಜಿಗೆಲ್ಲ ಕುಂಕುಮ ಮೆತ್ಕೊಂಡಿತ್ತು, ಒದ್ದೆ ಬಟ್ಟೇಲಿ ತೆಗೆದೆ" ಎಂದಳು.

ನಾನು ಸದ್ದಿಲ್ಲದೆ ದೇವರ ಮನೆಯಿಂದ ಕುಂಕುಮದ ಭರಣಿ ತೆಗೆದುಕೊಂಡು ಮೇಲೆ ಹೋದೆ. ಮಧ್ಯದ ಕಣ್ಣಿಗೆ ಒಂದು ಬೊಟ್ಟಿಟ್ಟು ಹೊಡೆದೆ. ಇನ್ನೂರ ಮೂವತ್ತೊಂದು. ಒರೆಸಿ ಹೊಡೆದೆ. ನೂರ ಹತ್ತು. ಮೂರರಲ್ಲಿ ಒಂದು ಕಣ್ಣು ಮಂಜಾದರೆ ಡಬ್ಬಿಗೆ ಲೆಕ್ಕ ತಪ್ಪುತ್ತದೆ, ತಪ್ಪಿದ್ದು ಪುಣ್ಯಕ್ಕೆ ನನ್ನ ಕಡೆಗೆ ತಪ್ಪಿತ್ತು. ಆ ಕೆಂಪು ಬೊಟ್ಟು ಒಂದು ವಾರ ನನ್ನ ಕಣ್ಣೆದುರೇ ಇತ್ತು. ಬೊಟ್ಟುಗಳ ನಡುವೆ ಬೆಳೆದವನಿಗೆ ಅದು ಬೊಟ್ಟೆಂದು ಕಾಣಿಸಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಚೆನ್ನೈನವರ ಮುಂದೆ, ಮಾಲೀಕರ ಪಕ್ಕದಲ್ಲಿ, ಇನ್ನೂರ ಇಪ್ಪತ್ತೆಂಟರ ಮನುಷ್ಯ ನೂರ ಹತ್ತು ಹೊಡೆದರೆ ಸೋಮವಾರ ಆಫೀಸಿಗೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಗೌಡರಿಗೆ ಫೋನು ಮಾಡಿ, "ಸಾರ್, ಸ್ವಲ್ಪ ಸೊಂಟ ಹಿಡ್ಕೊಂಡಿದೆ" ಎಂದೆ. "ಮುಲಾಮು ಹಚ್ಕೊಂಡು ಬನ್ರೀ. ನಿಮ್ಮ ಇನ್ನೂರ ಇಪ್ಪತ್ತೆಂಟರ ಫೋಟೋನ ಚೆನ್ನೈಗೆ ಕಳ್ಸಾಯ್ತು" ಎಂದರು.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಮೊದಲು ಹೊಡೆದವರು ಗೌಡರು. ಚೆಂಡು ಎಡಕ್ಕೆ ತಿರುಗಿ ಹತ್ತಿರದ ಒಂದು ಪೊದೆಯೊಳಗೆ ಹೋಯಿತು. ಚೆನ್ನೈನವರು ಇಬ್ಬರೂ ಆಕಾಶದಲ್ಲಿ ಹುಡುಕುತ್ತಿದ್ದರು. ಇನ್ನೂರ ನಲವತ್ತು ಗಜದ ಚೆಂಡು ಅಲ್ಲೇ ಇರಬೇಕಲ್ಲ. ಆಮೇಲೆ ನಾನು ಹೊಡೆದೆ. ನನ್ನ ಚೆಂಡು ಮಾಲೀಕರಿಗೆ ಮರ್ಯಾದೆ ಕೊಟ್ಟು ಅವರದಕ್ಕಿಂತ ಸ್ವಲ್ಪ ಹಿಂದೆ, ಅದೇ ಪೊದೆಗೆ ಹೋಯಿತು. ನಾವಿಬ್ಬರೂ ಬಗ್ಗಿ ಹುಡುಕತೊಡಗಿದೆವು. ಗೌಡರ ಕಿವಿ ಕೆಂಪಗಾಗಿತ್ತು. ನನಗೆ ಥಟ್ಟನೆ ಒಂದು ಅನುಮಾನ ಬಂತು.

"ಸಾರ್, ನಿಮ್ಮ ಮನೇಲಿ ಆ ಮಷೀನಿಗೆ ಪೂಜೆ ಮಾಡ್ತಾರಾ?"

"ಮಾಡ್ದೆ ಇರ್ತಾರಾ? ನಮ್ಮಮ್ಮ ಶುಕ್ರವಾರ ಶುಕ್ರವಾರ ಮಾಡ್ತಾರೆ. ಯಾಕ್ರೀ?"

"ಮಧ್ಯದ ಕಣ್ಣಿಗೆ ಕುಂಕುಮ ಇಡ್ತಾರಾ ಸಾರ್?"

ಗೌಡರು ನೆಟ್ಟಗೆ ನಿಂತರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಚೆನ್ನೈನವರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಒರೆಸಿದ್ರೆ ಎಷ್ಟು ತೋರ್ಸತ್ತೆ?"

"ನೂರ ಹತ್ತು ಸಾರ್."

ಅವರು ಕೋಲಿನಿಂದ ಪೊದೆಯನ್ನು ಒಮ್ಮೆ ಕೆದಕಿದರು. "ಮತ್ಯಾಕ್ರೀ ಒರೆಸಿದ್ರಿ?" ಎಂದರು.

ಆಟ ಸೋತೆವು, ಆ ಮಾತು ಬೇಡ. ಚೆನ್ನೈನವರು ಒಳ್ಳೆಯವರು, ಊಟದ ತನಕ ನಗು ತಡೆದುಕೊಂಡಿದ್ದರು. ಗೌಡರು ಮುಂದಿನ ವಾರವೂ ಗುಂಪಿಗೆ ಚಿತ್ರ ಹಾಕಿದರು, ಇನ್ನೂರ ನಲವತ್ತೆರಡು. ಮೊದಲ ಹೆಬ್ಬೆರಳು ನನ್ನದೇ.

ನಮ್ಮ ಮನೆಯಲ್ಲಿ ಒದ್ದೆ ಬಟ್ಟೆ ಈಗ ಶೀಟಿನ ಕೋಣೆಗೆ ಹೋಗುವಂತಿಲ್ಲ. ಹೋದ ವಾರ ಅಮ್ಮ ಕೆಂಗೇರಿಯ ನನ್ನ ತಂಗಿಯ ಮನೆಗೆ ಹೋಗಿದ್ದಳು. ಶುಕ್ರವಾರ ನಾನೇ ಸ್ನಾನ ಮಾಡಿ, ಡಬ್ಬಿಯನ್ನು ಮಣೆಯ ಮೇಲೆ ಕೂರಿಸಿ ಮಂಗಳಾರತಿ ಎತ್ತಿದೆ. ಅಮ್ಮ ಫೋನು ಮಾಡಿ, ಪೂಜೆ ಆಯಿತೇ ಎಂದು ಕೇಳಿದಳು. "ಆಯ್ತಮ್ಮ. ಮಧ್ಯದ ಕಣ್ಣಿಗೇ ಇಟ್ಟೆ, ಚೆನ್ನಾಗಿ" ಎಂದೆ. ಅಂತೂ ಮಗನಿಗೆ ದೇವರ ಮೇಲೆ ಭಕ್ತಿ ಬಂತು ಎಂದು ಆಕೆ ಕೆಂಗೇರಿಯಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಳಂತೆ.

ಫೋನಿನ ಮಾತನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಶೈಲಜಾ ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಮೂಡಲಪಾಳ್ಯಕ್ಕೆ ಹೋಗಿ ತೂಕ ನೋಡ್ಕೊಂಡು ಬರ್ತೀನಿ" ಎಂದಳು. ನಾನೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಎರಡು ಕಿಲೋ ಇಳಿದಿದ್ದೇನೆ.