ಮಾವನ ನಲವತ್ತು ಸೆಕೆಂಡಿನ ಸಂಗೀತ

ನನ್ನ ಚಿಕ್ಕ ಮಾವ ಸಂಗೀತಗಾರ. ಆದರೆ ತನ್ನ ಸಂಗೀತ ಯಾರ ಗಮನಕ್ಕೂ ಬರಬಾರದೆಂಬುದೇ ಅವರ ಜೀವನದ ಗುರಿ! ನಂಬಿಕೆ ಬರುವುದಿಲ್ಲವೇ? ಮೂಡುಬಿದಿರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗುಡ್ಡೆ ಹಾಕಿದ ನಾನೂ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ.

ಮಾವ ವಿಡಿಯೋ ಗೇಮ್‌ಗಳಿಗೆ ಟ್ಯೂನ್ ಮಾಡುತ್ತಾರೆ. ಅದೂ ಸಿದ್ಧಕಟ್ಟೆಯಂಥ ಹಳ್ಳಿಯಲ್ಲಿ ಕೂತು! ಬೆಳಿಗ್ಗೆ ದೊಡ್ಡ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು, ಮೊಳೆ. ಊಟವಾದ ಮೇಲೆ ಕಂಪ್ಯೂಟರು, ಕೀಬೋರ್ಡು. ಅವರ ಆರಾಧ್ಯದೈವ ಜಪಾನಿನ ಒಬ್ಬ ಗೇಮ್ ಸಂಗೀತಗಾರ. ಆ ಪುಣ್ಯಾತ್ಮ ಕೆಲಸ ಶುರುಮಾಡಿದಾಗ ಯಂತ್ರದಿಂದ ಒಮ್ಮೆಗೆ ಮೂರೇ ಸ್ವರ ಹೊರಡುತ್ತಿದ್ದವಂತೆ. ಆಟದಲ್ಲಿ ಹೆಸರನ್ನೂ ಹಾಕುತ್ತಿರಲಿಲ್ಲವಂತೆ. ಈಗ ಅವೇ ಟ್ಯೂನುಗಳನ್ನು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ವಾದ್ಯಗಾರರು ಕೋಟು ಹಾಕಿಕೊಂಡು ನುಡಿಸುತ್ತಾರಂತೆ! ಮಾವ ಈ ಪುರಾಣದ ಪಕ್ಕದಲ್ಲಿ ತನ್ನ ಆಯುಷ್ಯವನ್ನಿಟ್ಟು ಅಳೆಯುತ್ತಾರೆ.

"ಅವರಿಗೂ ಮೂವತ್ನಾಲ್ಕರವರೆಗೆ ಏನೂ ಆಗಿರಲಿಲ್ಲ. ನನಗೀಗ ಮೂವತ್ತಮೂರು. ಇನ್ನೊಂದು ವರ್ಷ ಉಂಟು!"

"ಮಾವ, ಅವರಿದ್ದದ್ದು ಟೋಕಿಯೋದಲ್ಲಿ. ನಿಮ್ಮ ಹೋಲಿಕೆಯೇ ತಪ್ಪು."

"ಟೋಕಿಯೋದಲ್ಲಿ ಅವರಿಗೆ ಎಷ್ಟು ಜನರ ಪೈಪೋಟಿ! ಸಿದ್ಧಕಟ್ಟೆಯಲ್ಲಿ ನಾನೊಬ್ಬನೇ ಮಾರಾಯ್ತಿ!"

ಇಂಥವರೊಡನೆ ವಾದಿಸುವುದು ಹೇಗೆ?

ಆದರೆ ದೊಡ್ಡ ಮಾವ ವಾದಿಸುವವರಲ್ಲ. ದೀಪಾವಳಿಯೊಳಗೆ ಒಂದು ಟ್ಯೂನನ್ನಾದರೂ ಯಾರಾದರೂ ತೆಗೆದುಕೊಳ್ಳದಿದ್ದರೆ ಕಂಪ್ಯೂಟರು ಮುಚ್ಚಿ ಇಡೀ ದಿನ ಅಂಗಡಿಯಲ್ಲಿ ಕೂರಬೇಕೆಂದು ತೀರ್ಪು ಕೊಟ್ಟಿದ್ದರು. ಚಿಕ್ಕ ಮಾವ ನಗುತ್ತಲೇ ಒಪ್ಪಿದ್ದರು. ಅಂದಿನಿಂದ ಊಟ ಮಾತ್ರ ಅರ್ಧಕ್ಕಿಳಿದಿತ್ತು.

ಟ್ಯೂನ್ ಪಾಸೋ ಫೇಲೋ ಎಂದು ಹೇಳುವ ಅಧಿಕಾರ ನನ್ನ ಅಜ್ಜಿಯದು. ಅದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ! ಅಜ್ಜಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರೆ ಮಾವ ನಲವತ್ತು ಸೆಕೆಂಡಿನ ಟ್ಯೂನನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಗೇಮಿನಲ್ಲಿ ಆಟಗಾರ ಒಂದೇ ಕಾಡಿನಲ್ಲಿ ಗಂಟೆಗಟ್ಟಲೆ ಅಲೆಯುತ್ತಾನಲ್ಲ, ಅವನಿಗೆ ಬೇಸರ ಬರಬಾರದು. ಅಜ್ಜಿ "ಅದನ್ನು ಒಮ್ಮೆ ನಿಲ್ಲಿಸು ಮಾರಾಯ" ಎಂದರೆ ಫೇಲ್. ತಲೆಯೆತ್ತಿ ಗಮನವಿಟ್ಟು ಕೇಳಿದರೂ ಫೇಲ್! ಕೈ ತನ್ನಷ್ಟಕ್ಕೆ ಎಲೆ ಸುತ್ತುತ್ತಿದ್ದರೆ ಮಾತ್ರ ಪಾಸ್.

ಒಮ್ಮೆ ರಾಕ್ಷಸನೊಡನೆ ಯುದ್ಧ ಮಾಡುವ ಟ್ಯೂನ್ ಹಾಕಿದರು. ಅಜ್ಜಿಯ ಕೈಗೆ ಎಲ್ಲಿಲ್ಲದ ವೇಗ! ಮರುದಿನ ಬೀಡಿ ಕೊಂಡುಕೊಳ್ಳುವ ಬ್ರಾಂಚಿನವರು ಸಡಿಲವಾಗಿದೆಯೆಂದು ಅರ್ಧಕ್ಕರ್ಧ ಬೀಡಿ ವಾಪಸು ಕೊಟ್ಟರು. ಅಜ್ಜಿ ಬೈಯುತ್ತಿದ್ದರೆ ಮಾವ ಅಂಗಳದಲ್ಲಿ ಕುಣಿಯುತ್ತಿದ್ದರು: "ಟ್ಯೂನ್ ಕೆಲಸ ಮಾಡ್ತದೆ!"

ಕೊನೆಗೆ ಈ ಹುಚ್ಚು ಬಿಡಿಸಲು ಅಮ್ಮ ನನ್ನನ್ನು ಕಳಿಸಿದಳು. "ಅಷ್ಟು ಕಪ್ ತಂದಿದ್ದೀಯಲ್ಲ, ನಿನ್ನ ಮಾವನನ್ನೊಮ್ಮೆ ಸೋಲಿಸಿ ಬಾ."

ನಾನು ನೇರವಾಗಿ ಕೇಳಿದೆ: "ಗಮನಕ್ಕೇ ಬಾರದ್ದು ಸಂಗೀತ ಹೇಗಾಗ್ತದೆ? ಹಾಗಾದರೆ ಈ ಫ್ಯಾನೂ ಸಂಗೀತಗಾರನಾ?"

ಮಾವ ತಲೆಯೆತ್ತಿ ಫ್ಯಾನು ನೋಡಿದರು. "ಕರೆಂಟ್ ಹೋದಾಗ ಅದರ ನೆನಪಾಗ್ತದಲ್ಲ? ನನಗೆ ಅಷ್ಟು ಸಾಕು."

ನನ್ನ ಬಳಿ ಇನ್ನೂ ನಾಲ್ಕು ಅಂಶಗಳಿದ್ದವು. ಅವನ್ನು ಹಾಗೆಯೇ ಗಂಟುಕಟ್ಟಿಕೊಂಡು ಅಮ್ಮನ ಬಳಿಗೆ ವಾಪಸಾದೆ.

ದೀಪಾವಳಿಗೆ ಆರು ದಿನವಿರುವಾಗ ಜಪಾನಿನಿಂದ ಮೇಲ್ ಬಂತು. ಮೂರೇ ಜನ ಸೇರಿ ಗೇಮ್ ಮಾಡುವ ಒಂದು ಪುಟ್ಟ ತಂಡ ಮಾವ ಕಳಿಸಿದ್ದ ಟ್ಯೂನೊಂದನ್ನು ಒಪ್ಪಿತ್ತು. ಇನ್ನೆರಡು ಕಳಿಸಿ ಎಂದೂ ಕೇಳಿತ್ತು. ಆದರೆ ಒಪ್ಪಿದ್ದು ಯಾವುದಕ್ಕೆ? ಆಟಗಾರ ಸೋತಾಗ ಬರುವ ಪರದೆಗೆ!

"ಸೋತವರಿಗೆ ಹಾಡು ಮಾಡ್ಲಿಕ್ಕೆ ಇಷ್ಟು ವರ್ಷ ಬೇಕಿತ್ತಾ?" ದೊಡ್ಡ ಮಾವ ಕೇಳಿದರು.

"ಗೆದ್ದವನು ಹೇಗೂ ಮುಂದೆ ಹೋಗ್ತಾನೆ ಅಣ್ಣ. ಸೋತವನಿಗೆ ಇನ್ನೊಮ್ಮೆ ಆಡುವ ಅಂತ ಅನಿಸಬೇಕಲ್ಲ."

ಮರುದಿನ ಮಧ್ಯಾಹ್ನವಾಗುವ ಮೊದಲೇ ದೊಡ್ಡ ಮಾವನೇ "ನೀನು ಮನೆಗೆ ಹೋಗು, ಅಂಗಡಿ ನಾನು ನೋಡ್ತೇನೆ" ಎಂದರಂತೆ.

ಆ ಗೇಮ್ ಬಿಡುಗಡೆಯಾದ ದಿನ ಮೊಬೈಲ್ ಹಿಡಿದು ಅಜ್ಜಿಯ ಪಕ್ಕ ಕೂತೆ. ಟ್ಯೂನ್ ಕೇಳಬೇಕಾದರೆ ಸೋಲಲೇಬೇಕು. ಜನ್ಮದಲ್ಲಿ ಬೇಕೆಂದು ಒಂದು ವಾದವನ್ನೂ ಬಿಟ್ಟುಕೊಡದ ನಾನು ಆ ಪುಟ್ಟ ಯೋಧನನ್ನು ಸೀದಾ ಹೊಂಡಕ್ಕೆ ಹಾರಿಸಿದೆ. ಪರದೆ ಕಪ್ಪಾಯಿತು. ಯಾರೋ ಮೆಲ್ಲಗೆ ಬೆನ್ನು ಸವರಿದಂತೆ ಟ್ಯೂನ್ ಶುರುವಾಯಿತು. ಬಾಗಿಲ ಹಿಂದೆ ಮಾವ ಅಜ್ಜಿಯ ಕೈಯನ್ನೇ ನೋಡುತ್ತ ನಿಂತಿದ್ದರು.

ಟ್ಯೂನ್ ಮುಗಿಯಿತು. ಅಜ್ಜಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ನನ್ನ ಹತ್ತಿರಕ್ಕೆ ಸರಿದರು.

"ಇನ್ನೊಮ್ಮೆ ಸೋಲು ಮಗಾ, ಕೇಳುವ."